ಒಂದು ಟೀಪಾಟಿಗಾಗಿ ಮೂವತ್ತು ಸೆಕೆಂಡು

1997ರ ಒಂದು ದಿನ, ಚಹಾ ಹೊತ್ತಿನಲ್ಲಿ, ಬ್ರಿಟನ್ನಿನ ಟೀವಿ ಪರದೆಯ ಮೇಲೆ ಆರು ಸಂಖ್ಯೆಗಳು ಬಂದು ಕೂತವು: 25, 50, 75, 100, 3, 6. ಅವುಗಳ ಮೇಲೆ ಇನ್ನೊಂದು ಸಂಖ್ಯೆ ಮೂಡಿತು: 952. ಕೂಡಿ, ಕಳೆದು, ಗುಣಿಸಿ, ಭಾಗಿಸಿ ಕೆಳಗಿನ ಆರರಿಂದ ಮೇಲಿನ ಒಂದನ್ನು ಮುಟ್ಟಬೇಕು. ಒಂದು ಬಿಲ್ಲೆಯನ್ನು ಒಂದೇ ಸಲ ಬಳಸಬೇಕು. ಕೊಟ್ಟ ಕಾಲ 30 ಸೆಕೆಂಡು.

ಕೈಗೆ ಪೆನ್ಸಿಲು ಸಿಕ್ಕ ಯಾರಾದರೂ ಒಂದಷ್ಟು ದೂರ ಹೋಗಬಹುದು. ಆರು, ಮೂರು ಕೂಡಿ ಒಂಬತ್ತು. ಒಂಬತ್ತು ನೂರಲೆ ಒಂಬೈನೂರು. ಅದಕ್ಕೆ ಐವತ್ತು ಸೇರಿಸಿದರೆ 950. ಉಳಿದ 75ನ್ನು 25ರಿಂದ ಭಾಗಿಸಿದರೆ ಮೂರು, ಅದನ್ನೂ ಕೂಡಿದರೆ 953. ಒಂದೇ ಒಂದು ಹೆಚ್ಚು. ಮನೆಯ ಸೋಫಾದ ಮೇಲೆ ಕೂತು ಇಷ್ಟು ಮಾಡಿದವರು ಬೆನ್ನು ತಟ್ಟಿಕೊಳ್ಳಬಹುದಾದ ಲೆಕ್ಕ ಇದು.

ಸ್ಟುಡಿಯೋದಲ್ಲಿದ್ದ ತರುಣ ಸ್ಪರ್ಧಿ 952 ಎಂದ. ಹೇಗೆ ಎಂದು ಕೇಳಿದಾಗ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತ ಹೋದ. ನೂರಕ್ಕೆ ಆರು ಕೂಡಿಸಿ, 106. ಮೂರರಿಂದ ಗುಣಿಸಿ, 318. ಅದನ್ನು 75ರಿಂದ ಗುಣಿಸಿ ಎಂದಾಗ ಸಭಿಕರಲ್ಲಿ ನಗೆಯೆದ್ದಿತು, ಏಕೆಂದರೆ ಉತ್ತರ 23,850ಕ್ಕೆ ಹಾರಿತ್ತು. ಮುಟ್ಟಬೇಕಾದ ಊರು ಹಿಂದೆಲ್ಲೋ ಉಳಿದಿತ್ತು. ಅವನು ನಿಲ್ಲಲಿಲ್ಲ. ಐವತ್ತು ಕಳೆಯಿರಿ, 23,800. ಇಪ್ಪತ್ತೈದರಿಂದ ಭಾಗಿಸಿ. 952. ಬೋರ್ಡಿನ ಮುಂದೆ ಬರೆದುಕೊಳ್ಳುತ್ತಿದ್ದ ಕ್ಯಾರಲ್ ವೋರ್ಡರ್‌ಮನ್ ಬೆರಗಾದರು, ಸ್ಟುಡಿಯೋ ಚಪ್ಪಾಳೆಯಲ್ಲಿ ಮುಳುಗಿತು. ಆ ತುಣುಕನ್ನು ಇವತ್ತಿಗೂ ಜನ ಅಂತರ್ಜಾಲದಲ್ಲಿ ಹುಡುಕಿಕೊಂಡು ಹೋಗಿ ನೋಡುತ್ತಾರೆ.

ಬೆರಗು ಇಳಿದ ಮೇಲೆ ಆ ಲೆಕ್ಕವನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ನೋಡಬೇಕು, ಅದರ ಸೊಗಸು ಆಗ ಕಾಣುತ್ತದೆ. ಇಪ್ಪತ್ಮೂರು ಸಾವಿರದವರೆಗೆ ಏರಿದ್ದು ಸಾಹಸಕ್ಕಲ್ಲ. 318ರ ಮೂರರಷ್ಟು 954. ಅದರಲ್ಲಿ ಎರಡು ಕಳೆದರೆ 952. ಅವನಿಗೆ ಬೇಕಾಗಿದ್ದದ್ದು ಇನ್ನೊಂದು ಮೂರು ಮತ್ತು ಒಂದು ಎರಡು. ಎದುರಿಗೆ ಇದ್ದ ಮೂರು ಆಗಲೇ ಖರ್ಚಾಗಿತ್ತು, ಎರಡು ಅಲ್ಲಿರಲೇ ಇಲ್ಲ. ಆದರೆ 25ರ ಕಣ್ಣಿನಿಂದ ನೋಡಿದರೆ 75 ಎಂದರೆ ಮೂರು, 50 ಎಂದರೆ ಎರಡು. ಮೊದಲು 75ರಿಂದ ಗುಣಿಸಿ, 50 ಕಳೆದು, ಕೊನೆಗೆ ಒಟ್ಟಿಗೇ 25ರಿಂದ ಭಾಗಿಸಿದರೆ ಇಲ್ಲದ ಮೂರೂ ಇಲ್ಲದ ಎರಡೂ ಹುಟ್ಟಿಬರುತ್ತವೆ. ಕನ್ನಡದ ಹಳೆಯ ಮಗ್ಗಿ ಕಲಿತವರಿಗೆ ಇದು ಪರಕೀಯವಲ್ಲ. ಕಾಲು, ಅರೆ, ಮುಕ್ಕಾಲು ಎಂದು ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದ ಕಾಲದಲ್ಲಿ ಮುಕ್ಕಾಲು ಎಂಬ ಮಾತಿನೊಳಗೇ ಮೂರು ಕಾಲುಗಳು ಕೇಳಿಸುತ್ತಿದ್ದವು. ನೂರರ ಮುಕ್ಕಾಲು 75, ಅರೆ 50, ಕಾಲು 25. ಆ ತರುಣ ಕಂಡದ್ದು ಅದನ್ನೇ.

ಕಾರ್ಯಕ್ರಮದ ಹೆಸರು ಕೌಂಟ್‌ಡೌನ್. 1982ರ ನವೆಂಬರ್ 2ರಂದು ಬ್ರಿಟನ್ನಿನಲ್ಲಿ ಚಾನೆಲ್ 4 ಎಂಬ ಹೊಸ ವಾಹಿನಿ ಪ್ರಸಾರ ಆರಂಭಿಸಿತು. ಸಂಜೆ 4.45ಕ್ಕೆ ಅದರಲ್ಲಿ ಮೊಟ್ಟಮೊದಲು ಬಂದ ಕಾರ್ಯಕ್ರಮವೇ ಇದು. ಹೊಸ ವಾಹಿನಿಯ ಮೊದಲ ಮುಖವಾಗಿ ಕಂಡವರು ರಿಚರ್ಡ್ ವೈಟ್ಲಿ. ಲೀಡ್ಸ್ ನಗರದ ಯಾರ್ಕ್‌ಷೈರ್ ಟೆಲಿವಿಷನ್ನಿನಲ್ಲಿ ಪ್ರಾದೇಶಿಕ ಸುದ್ದಿ ನಡೆಸುತ್ತಿದ್ದ ಮನುಷ್ಯ. ಬಣ್ಣಬಣ್ಣದ ಟೈ, ಶ್ಲೇಷೆಯ ಹುಚ್ಚು, ಯಾರ ಮನಸ್ಸನ್ನೂ ನೋಯಿಸದ ಮಾತು. ಹಿಂದೆ, 1977ರಲ್ಲಿ, ಸುದ್ದಿ ಕಾರ್ಯಕ್ರಮದ ನಡುವೆ ಮುಂಗುಸಿಯಂಥ ಫೆರೆಟ್ ಎಂಬ ಪ್ರಾಣಿ ಅವರ ಬೆರಳನ್ನು ಕಚ್ಚಿ ಹಿಡಿದು ಬಿಡದೇ ಹೋದದ್ದನ್ನು ಬ್ರಿಟಿಷರು ದಶಕಗಳ ಕಾಲ ಮತ್ತೆ ಮತ್ತೆ ನೋಡಿದರು. 2005ರ ಜೂನ್ 26ರಂದು ತೀರಿಕೊಳ್ಳುವ ವರ್ಷದವರೆಗೂ ವೈಟ್ಲಿ ಈ ಆಟದ ಯಜಮಾನರಾಗಿಯೇ ಇದ್ದರು.

ಕ್ಯಾರಲ್ ವೋರ್ಡರ್‌ಮನ್ ಬಂದ ಕಥೆ ಇನ್ನೂ ಸ್ವಾರಸ್ಯದ್ದು. ಲೆಕ್ಕದಲ್ಲಿ ಚುರುಕಾದ ಹೆಣ್ಣುಮಗಳು ಬೇಕು ಎಂಬ ಜಾಹೀರಾತನ್ನು ಪತ್ರಿಕೆಯಲ್ಲಿ ಕಂಡವರು ಅವರ ತಾಯಿ. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ ಬಂದಿದ್ದ ಮಗಳ ಪರವಾಗಿ ಅರ್ಜಿ ಹಾಕಿದವರೂ ತಾಯಿಯೇ. ಆ ಅರ್ಜಿಯಿಂದ ಸಿಕ್ಕ ಕೆಲಸ 26 ವರ್ಷ ನಡೆಯಿತು. ಸ್ಪರ್ಧಿಗಳಿಬ್ಬರೂ ಸೋತ ಲೆಕ್ಕವನ್ನು ನಿಂತ ನಿಲುವಿನಲ್ಲಿ ಬಿಡಿಸಿ ತೋರಿಸುವುದು ಅವರ ಹೊಣೆಯಾಗಿತ್ತು. 2008ರಲ್ಲಿ ಅವರು ಬಿಟ್ಟ ಜಾಗಕ್ಕೆ 2009ರ ಜನವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಗಣಿತ ಓದಿದ್ದ ರೇಚಲ್ ರೈಲಿ ಬಂದರು. ಗಣಿತ ಹೆಂಗಸರಿಗಲ್ಲ ಎನ್ನುವ ಮಾತು ಎಲ್ಲ ದೇಶಗಳ ಅಡುಗೆಮನೆಗಳಲ್ಲೂ ಸುತ್ತುತ್ತಿದ್ದ ಕಾಲದಿಂದ ಇಲ್ಲಿಯವರೆಗೆ, ಬ್ರಿಟನ್ನಿನ ಟೀವಿಯಲ್ಲಿ ದಿನವೂ ಲೆಕ್ಕ ಬಿಡಿಸುತ್ತ ಬಂದದ್ದು ಒಬ್ಬ ಹೆಣ್ಣುಮಗಳು. ಇದನ್ನು ಸಣ್ಣ ಸಂಗತಿ ಎಂದು ಬದಿಗಿಡಲು ಮನಸ್ಸು ಒಪ್ಪುವುದಿಲ್ಲ.

ಆಟ ಮೂಲದಲ್ಲಿ ಇಂಗ್ಲಿಷರದಲ್ಲ, ಫ್ರೆಂಚರದು. ಅರ್ಮಾಂ ಜಮ್ಮೊ ಎಂಬವರು 1965ರಲ್ಲಿ ಅತಿ ಉದ್ದದ ಪದ ಹುಡುಕುವ ಆಟವೊಂದನ್ನು ಅಲ್ಲಿನ ಟೀವಿಗೆ ತಂದರು. 1972ರಲ್ಲಿ ಅದಕ್ಕೆ ಲೆಕ್ಕವೂ ಸೇರಿಕೊಂಡು ‘ದೆ ಶಿಫ್ರ್ ಎ ದೆ ಲೆತ್ರ್’, ಅಂದರೆ ‘ಅಂಕಿಗಳು ಮತ್ತು ಅಕ್ಷರಗಳು’ ಎಂಬ ಹೆಸರಾಯಿತು. ಅದನ್ನು ಕಂಡು ಮೆಚ್ಚಿ ಬ್ರಿಟನ್ನಿಗೆ ಕರೆತಂದವರು ಮಾರ್ಸೆಲ್ ಸ್ಟೆಲ್‌ಮನ್ ಎಂಬ ಬೆಲ್ಜಿಯಂ ಮೂಲದ ಸಂಗೀತೋದ್ಯಮಿ. ಆಸ್ಟ್ರೇಲಿಯ, ಸ್ಪೇನ್‌ಗಳಲ್ಲೂ ಅದರ ಸೋದರರು ಹುಟ್ಟಿಕೊಂಡರು. ಫ್ರಾನ್ಸಿನ ಮೂಲ ಆಟ 2024ರಲ್ಲಿ ನಿಂತುಹೋಯಿತು. ಬ್ರಿಟನ್ನಿನದು ನಡೆಯುತ್ತಲೇ ಇದೆ.

ಅದರ ಒಳಗಿನ ಕಟ್ಟು ಬಹಳ ಸರಳ. ಅಕ್ಷರದ ಸುತ್ತಿನಲ್ಲಿ ಸ್ಪರ್ಧಿ ಒಂದೊಂದಾಗಿ ಸ್ವರ ಬೇಕು, ವ್ಯಂಜನ ಬೇಕು ಎಂದು ಕೇಳುತ್ತಾರೆ. ಒಂಬತ್ತು ಅಕ್ಷರ ಬರುವವರೆಗೆ ಬಿಲ್ಲೆಗಳು ಬೋರ್ಡು ಸೇರುತ್ತವೆ. ಕಡಿಮೆಯೆಂದರೆ ಮೂರು ಸ್ವರ, ನಾಲ್ಕು ವ್ಯಂಜನ ಇರಲೇಬೇಕು. ಆಮೇಲೆ ದೊಡ್ಡ ಗಡಿಯಾರದ ಮುಳ್ಳು ಹನ್ನೆರಡರಿಂದ ಆರರವರೆಗೆ ಅರ್ಧ ಸುತ್ತು ಹಾಕುತ್ತದೆ. ಅದರ ಜೊತೆಗೆ ಅಲನ್ ಹಾಕ್‌ಷಾ ಸಂಯೋಜಿಸಿದ ಸಂಗೀತ. ಬ್ರಿಟನ್ನಿನಲ್ಲಿ ಬೆಳೆದವರ ಮುಂದೆ ಅದರ ಕೊನೆಯ ಕೆಲವು ಸ್ವರಗಳನ್ನು ಗುನುಗಿದರೆ ಸಾಕು, ಸಮಯ ಮುಗಿಯಿತು ಎಂದು ತಿಳಿದುಕೊಳ್ಳುತ್ತಾರೆ. ಪದದಲ್ಲಿ ಎಷ್ಟು ಅಕ್ಷರವೋ ಅಷ್ಟು ಅಂಕ. ಒಂಬತ್ತನ್ನೂ ಬಳಸಿದರೆ ದುಪ್ಪಟ್ಟು, 18. ಲೆಕ್ಕದ ಸುತ್ತಿನಲ್ಲಿ 25, 50, 75, 100 ಎಂಬ ನಾಲ್ಕು ದೊಡ್ಡವು, ಒಂದರಿಂದ ಹತ್ತರವರೆಗಿನ ಚಿಕ್ಕವು ಎರಡೆರಡು. ಎಷ್ಟು ದೊಡ್ಡವು ಬೇಕೆಂಬುದನ್ನು ಸ್ಪರ್ಧಿಯೇ ಆರಿಸಬಹುದು. ನಿಖರ ಉತ್ತರಕ್ಕೆ ಹತ್ತು ಅಂಕ, ಐದರೊಳಗಿನ ಅಂತರಕ್ಕೆ ಏಳು, ಹತ್ತರೊಳಗಿನದಕ್ಕೆ ಐದು. ಕೊನೆಗೆ ಒಂಬತ್ತು ಅಕ್ಷರಗಳ ಕಲಸುಮೇಲೋಗರ. ಅದನ್ನು ಬಿಡಿಸಿ ಮೊದಲು ಗಂಟೆ ಒತ್ತಿದವರಿಗೆ ಹತ್ತು.

ಸಾಮಾನ್ಯ ಕ್ವಿಜ್ ಕಾರ್ಯಕ್ರಮಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಇದರ ಜೀವ. ಕ್ವಿಜ್ಜಿನಲ್ಲಿ ಉತ್ತರ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಎಷ್ಟು ತಲೆ ಕೆರೆದುಕೊಂಡರೂ ಮಂಗೋಲಿಯದ ರಾಜಧಾನಿ ಹೊಳೆಯುವುದಿಲ್ಲ. ಇಲ್ಲಿ ಎಲ್ಲರ ಮುಂದೆಯೂ ಒಂದೇ ಸಾಮಗ್ರಿ ಇದೆ. ಸ್ಟುಡಿಯೋದಲ್ಲಿ ಕೂತವರಿಗೆ ಸಿಕ್ಕ ಒಂಬತ್ತೇ ಅಕ್ಷರಗಳು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ಅಜ್ಜಿಗೂ ಸಿಕ್ಕಿವೆ, ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ ಟೀವಿ ಮುಂದೆ ಕೂತ ಹುಡುಗನಿಗೂ ಸಿಕ್ಕಿವೆ. ಮನೆಯಲ್ಲಿ ಇದ್ದ ಸಾಮಾನಿನಲ್ಲೇ, ಹೊತ್ತಿಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೆ ಅಡುಗೆ ಮಾಡಿ ಬಡಿಸುವ ಜಾಣ್ಮೆ ಇದು. ಅಡುಗೆ ಯಾರದು ರುಚಿಯಾಯಿತು ಎಂಬುದಷ್ಟೇ ಪ್ರಶ್ನೆ.

ಇಂಗ್ಲಿಷ್ ಅಕ್ಷರಗಳು ಈ ಅಡುಗೆಗೆ ಹೇಳಿ ಮಾಡಿಸಿದಂತಿವೆ. ಟಿ, ಆರ್, ಐ, ಎ, ಎನ್, ಜಿ, ಎಲ್, ಇ ಎಂಬ ಎಂಟು ಅಕ್ಷರ ತೆಗೆದುಕೊಂಡರೆ ತ್ರಿಕೋನದ ‘ಟ್ರಯಾಂಗಲ್’ ಆಗುತ್ತದೆ. ಅವನ್ನೇ ಕುಲುಕಿದರೆ ಕಲನಶಾಸ್ತ್ರದ ‘ಇಂಟಿಗ್ರಲ್’. ಮತ್ತೆ ಕುಲುಕಿದರೆ ‘ಆಲ್ಟರಿಂಗ್’, ‘ರಿಲೇಟಿಂಗ್’, ‘ಅಲರ್ಟಿಂಗ್’. ಪರಿಣತ ಸ್ಪರ್ಧಿಗಳು ಇಂಥ ಗುಂಪುಗಳನ್ನು ಗುಂಪಾಗಿಯೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಐ, ಎನ್, ಜಿ ಕಂಡ ತಕ್ಷಣ ಆ ಮೂರನ್ನು ಕೊನೆಗೆ ತಳ್ಳಿ ಉಳಿದವನ್ನು ನೋಡುವುದು ಮೊದಲ ಪಾಠ. ಮೊದಲ ಸರಣಿ ಗೆದ್ದವರು ಜಾಯ್ಸ್ ಕ್ಯಾನ್ಸ್‌ಫೀಲ್ಡ್, ‘ದಿ ಟೈಮ್ಸ್’ ಪತ್ರಿಕೆಗೆ ಪದಬಂಧ ರಚಿಸುತ್ತಿದ್ದವರು. ಅಚ್ಚರಿಪಡುವಂಥದ್ದೇನೂ ಇಲ್ಲ.

ಪದ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಒಂದು ಮೂಲೆಯಲ್ಲಿ ನಿಘಂಟು ಇಟ್ಟುಕೊಂಡು ಕೂತವರು. 1992ರಿಂದ ಆ ಮೂಲೆಯಲ್ಲಿ ಕೂತವರು ಸೂಸಿ ಡೆಂಟ್. ಸ್ಪರ್ಧೆಯ ನಡುವೆ ಒಂದು ಪದದ ಹುಟ್ಟುಕತೆಯನ್ನು ಅವರು ಹೇಳುವ ಭಾಗಕ್ಕಾಗಿಯೇ ಕಾಯುವ ನೋಡುಗರಿದ್ದಾರೆ. ಒಂದು ಮಾತು ಯಾವ ಬಂದರಿನಲ್ಲಿ ಹಡಗು ಹತ್ತಿತು, ಯಾವ ಬಾಯಲ್ಲಿ ಅರ್ಥ ಬದಲಿಸಿತು ಎಂಬುದನ್ನು ಆಕೆ ನೆರೆಮನೆಯ ಸುದ್ದಿ ಹೇಳುವಂತೆ ಹೇಳುತ್ತಾರೆ. ಕನ್ನಡದವರಿಗೆ ಇಲ್ಲಿ ಜಿ. ವೆಂಕಟಸುಬ್ಬಯ್ಯ ನೆನಪಾಗದೆ ಇರಲಾರರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದ ಅವರು, ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮುಂದೆ ಒಂದು ಮೈಕು, ಒಂದು ಗಡಿಯಾರ, ಇಬ್ಬರು ಸ್ಪರ್ಧಿಗಳು ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿದರೆ ಹೊಟ್ಟೆಯಲ್ಲಿ ಸಣ್ಣಗೆ ಸಂಕಟವಾಗುತ್ತದೆ.

ಗೆದ್ದವರಿಗೆ ಏನು ಸಿಗುತ್ತದೆ? ಒಂದು ಟೀಪಾಟು. ಗಡಿಯಾರದ ಚಿತ್ರವಿರುವ ಚಹಾ ಪಾತ್ರೆ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುವಂಥದ್ದಲ್ಲ, ಆಡಿ ಗೆಲ್ಲಬೇಕು. ಸತತ ಎಂಟು ಆಟ ಗೆದ್ದವರು ನಿವೃತ್ತರಾಗಿ, ಸರಣಿಯ ಕೊನೆಯ ಸುತ್ತುಗಳಿಗೆ ಮರಳಿ ಬರುತ್ತಾರೆ. ಇಡೀ ಸರಣಿ ಗೆದ್ದವರಿಗೆ ಬಹಳ ವರ್ಷಗಳ ಕಾಲ ಕೊಡುತ್ತಿದ್ದದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಇಪ್ಪತ್ತು ಸಂಪುಟಗಳು. ಪದಗಳಿಂದ ಗೆದ್ದವರಿಗೆ ಪದಗಳೇ ಬಹುಮಾನ. ಕೋಟಿ ಕೊಡುವ ಕಾರ್ಯಕ್ರಮಗಳಲ್ಲಿ ಸ್ಪರ್ಧಿಯ ಹಣೆಯ ಬೆವರನ್ನು ಹತ್ತಿರದಿಂದ ತೋರಿಸುತ್ತಾರೆ, ಅವರ ಮನೆಯ ಸಾಲದ ಕಥೆ ಹೇಳಿಸುತ್ತಾರೆ. ಟೀಪಾಟಿನ ಆಟದಲ್ಲಿ ಅದಕ್ಕೆ ಜಾಗವಿಲ್ಲ. ಸೋತವರು ಕಳೆದುಕೊಳ್ಳುವುದು ಏನೂ ಇಲ್ಲದ್ದರಿಂದ ನೋಡುವವರ ಕಣ್ಣು ಪೂರ್ತಿಯಾಗಿ ಆ ಯೋಚನೆಯ ಮೇಲೆಯೇ ನೆಲೆಸುತ್ತದೆ. ಒಬ್ಬ ಮನುಷ್ಯ ಯೋಚಿಸುವುದನ್ನು ಅರ್ಧ ನಿಮಿಷ ಸುಮ್ಮನೆ ನೋಡುವುದು! ಟೀವಿಯಲ್ಲಿ ಇಷ್ಟು ದೊಡ್ಡ ಧೈರ್ಯ ಮಾಡಿದವರು ಕಡಿಮೆ.

ಕನ್ನಡದಲ್ಲಿ ಅದೇ ಮನೆತನದ ಒಂದು ಕಾರ್ಯಕ್ರಮವಿದೆ. ದೂರದರ್ಶನ ಚಂದನದಲ್ಲಿ 2002ರಲ್ಲಿ ಆರಂಭವಾಗಿ ಸಾವಿರಾರು ಕಂತು ಕಂಡ ‘ಥಟ್ ಅಂತ ಹೇಳಿ’. ವೃತ್ತಿಯಿಂದ ವೈದ್ಯರಾದ ನಾ. ಸೋಮೇಶ್ವರ ಅದರ ನಿರ್ವಾಹಕರು. ಸರಿ ಉತ್ತರಕ್ಕೆ ಅಲ್ಲಿ ಸಿಗುವುದು ಕನ್ನಡ ಪುಸ್ತಕ. ಊಟದ ತಟ್ಟೆ ಮುಂದಿಟ್ಟುಕೊಂಡು ಇಡೀ ಮನೆ ಒಟ್ಟಾಗಿ ಉತ್ತರ ಕೂಗುತ್ತಿದ್ದ ರಾತ್ರಿಗಳನ್ನು ಕಂಡವರಿಗೆ ಬ್ರಿಟನ್ನಿನ ಟೀಪಾಟು ಏಕೆ ಅಷ್ಟು ಪ್ರಿಯ ಎಂದು ವಿವರಿಸಬೇಕಾಗಿಲ್ಲ.

ಬ್ರಿಟನ್ನಿನ ಆಟದಲ್ಲಿ ಇನ್ನೊಂದು ಚಿಕ್ಕ ಪದ್ಧತಿ ಇದೆ. ಗಡಿಯಾರ ನಿಂತ ಮೇಲೆ ಇಬ್ಬರೂ ಮೊದಲು ಪದ ಹೇಳುವುದಿಲ್ಲ, ಅದರ ಉದ್ದವನ್ನು ಹೇಳುತ್ತಾರೆ: ಏಳು, ಎಂಟು. ಕಾಗದದ ಮೇಲೆ ಬರೆದುಕೊಂಡಿರದಿದ್ದರೆ ಹಾಗೆಂದು ತಾವೇ ಒಪ್ಪಿಕೊಳ್ಳುತ್ತಾರೆ. ಇಬ್ಬರದೂ ಒಂದೇ ಪದವಾದರೆ ಎರಡನೆಯವರು ತಮ್ಮ ಕಾಗದವನ್ನು ಎದುರಾಳಿಯ ಕಡೆಗೆ ತಿರುಗಿಸಿ ತೋರಿಸುತ್ತಾರೆ. ಎದುರಾಳಿ ಕತ್ತು ಚಾಚಿ ನೋಡಿ ತಲೆಯಾಡಿಸುತ್ತಾರೆ. ಅಷ್ಟೇ, ಆಟ ಮುಂದುವರಿಯುತ್ತದೆ. ಪಗಡೆ, ಚೌಕಾಬಾರದ ಹಾಸಿನ ಮೇಲೆ ಕವಡೆ ಬಿದ್ದ ರೀತಿಯನ್ನು ಎದುರಿನವರೇ ನೋಡಿ ಗರ ಒಪ್ಪಿಕೊಳ್ಳುವ ಹಾಗೆ.

ಈ ಆಟ ಬ್ರಿಟನ್ನಿಗೆ ಕಾಲಿಡುವುದಕ್ಕೆ ಎರಡು ವರ್ಷ ಮೊದಲು, 1980ರ ಜೂನ್ 18ರಂದು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ನಿಂತಿದ್ದರು. ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ತಂದೆಯ ಮಗಳು, ಶಕುಂತಲಾ ದೇವಿ. ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಕಂಪ್ಯೂಟರ್ ವಿಭಾಗದವರು ಆರಿಸಿ ಕೊಟ್ಟರು. ಶಕುಂತಲಾ ದೇವಿ ಅವೆರಡನ್ನೂ ಮನಸ್ಸಿನಲ್ಲೇ ಗುಣಿಸಿ 26 ಅಂಕಿಗಳ ಉತ್ತರ ಹೇಳಿದರು. ತೆಗೆದುಕೊಂಡ ಕಾಲ 28 ಸೆಕೆಂಡು. ಅದು ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು. ಕೌಂಟ್‌ಡೌನಿನ ಗಡಿಯಾರದ ಮುಳ್ಳು ಆರನ್ನು ಮುಟ್ಟಲು ಇನ್ನೂ ಎರಡು ಸೆಕೆಂಡು ಉಳಿದಿರುವಾಗ! ಆದರೆ ಅದು ಬೇರೆ ಬಗೆಯ ಪ್ರತಿಭೆ. ಶಕುಂತಲಾ ದೇವಿಯವರ ಮುಂದೆ ಜನ ಬಾಯಿ ತೆರೆದು ನಿಲ್ಲುತ್ತಿದ್ದರು. ತಾವೂ ಒಂದು ಕೈ ನೋಡೋಣ ಎಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ. 952ರ ಲೆಕ್ಕ ಕಂಡವರು ಹಾಗಲ್ಲ. 953ರವರೆಗೆ ತಾವೂ ಬಂದಿದ್ದೆವಲ್ಲ ಎಂಬ ಸಮಾಧಾನ, ಒಂದೇ ಒಂದರಲ್ಲಿ ತಪ್ಪಿತಲ್ಲ ಎಂಬ ಹಳಹಳಿ, ಎರಡೂ ಅವರಿಗೆ ಸಿಗುತ್ತವೆ. ಮರುದಿನ ಅದೇ ಹೊತ್ತಿಗೆ ಟೀವಿ ಹಾಕಿಸುವುದು ಆ ಹಳಹಳಿಯೇ.

ಲೆಕ್ಕದ ಸುತ್ತಿಗೆ ಭಾಷೆಯ ಹಂಗಿಲ್ಲ, ನಾಳೆಯೇ ಧಾರವಾಡದಲ್ಲೋ ಮಂಗಳೂರಿನಲ್ಲೋ ಆಡಿಸಬಹುದು. ಅಕ್ಷರದ ಸುತ್ತನ್ನು ಕನ್ನಡಕ್ಕೆ ತರಲು ಹೊರಟರೆ ಮಾತ್ರ ಕೈ ತಡೆಯುತ್ತದೆ. ಬಿಲ್ಲೆಯ ಮೇಲೆ ಏನು ಬರೆಯುವುದು? ‘ಪು’ ಎಂದು ಬರೆದರೆ ಅದು ‘ಪ’ ಆಗಲಾರದು, ‘ಪಿ’ ಆಗಲಾರದು. ಒಂದೊಂದು ವ್ಯಂಜನಕ್ಕೂ ಕಾಗುಣಿತದ ಸಾಲೇ ಇದೆ, ಅದರ ಮೇಲೆ ಒತ್ತಕ್ಷರಗಳ ಸಂಸಾರ. ಹೀಗೆ ಇಡಿಯಾಗಿ ಅಕ್ಷರ ಕೊಟ್ಟರೆ ಸರ ತಿರುಗಿ ರಸವಾಗುತ್ತದೆ, ವನ ತಿರುಗಿ ನವವಾಗುತ್ತದೆ. ವಿಕಟಕವಿ, ಕಿಟಕಿ, ಗದಗಗಳನ್ನು ಹಿಂದುಮುಂದಾಗಿ ಓದಿ ಮಕ್ಕಳು ಖುಷಿಪಡುತ್ತಾರೆ. ಆದರೆ ಒಂಬತ್ತು ಬಿಲ್ಲೆಗಳನ್ನು ಕುಲುಕಿ ಉದ್ದದ ಪದ ಕಟ್ಟುವುದು ಕಷ್ಟ, ಕೂಡಿದರೂ ನಾಲ್ಕಕ್ಷರಕ್ಕೆ ಮುಗಿಯುತ್ತದೆ.

ದಾರಿ ವ್ಯಾಕರಣದ ಮೇಷ್ಟರು ಎಂದೋ ತೋರಿಸಿಕೊಟ್ಟದ್ದರಲ್ಲಿದೆ. ಅಕ್ಷರವನ್ನು ವರ್ಣಗಳಾಗಿ ಬಿಡಿಸುವುದು. ‘ಪುಸ್ತಕ’ ಕಣ್ಣಿಗೆ ಮೂರಕ್ಷರ. ಬಿಡಿಸಿದರೆ ಪ್, ಉ, ಸ್, ತ್, ಅ, ಕ್, ಅ ಎಂದು ಏಳು. ಸ್ವರಗಳು ಬೇರೆ, ವ್ಯಂಜನಗಳು ಬೇರೆ. ಸ್ಪರ್ಧಿ ಇಂಥದ್ದು ಬೇಕೆಂದು ಕೇಳಬಹುದು. ‘ಬರುತ್ತಿದ್ದರಂತೆ’ಯಂಥ ಉದ್ದುದ್ದ ಕ್ರಿಯಾಪದಗಳು ಆಟವನ್ನು ನುಂಗದಂತೆ, ನಿಘಂಟಿನಲ್ಲಿ ತಲೆಪದವಾಗಿ ಇರುವುದಕ್ಕೆ ಮಾತ್ರ ಅಂಕ ಎಂದರಾಯಿತು. ಕರ್ನಾಟಕದ ಶಾಲೆಯ ಕಪ್ಪುಹಲಗೆಯೊಂದು ಸಾಕು ಇದಕ್ಕೆ. ಲಂಡನ್ನಿನ, ನ್ಯೂಜೆರ್ಸಿಯ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಮಕ್ಕಳಿಗೆ ಒತ್ತಕ್ಷರ ಕಲಿಸಲು ಹೆಣಗುವವರು ಒಮ್ಮೆ ಆಡಿಸಿ ನೋಡಬಹುದು.

ಮೊದಲ ಸುತ್ತಿಗೆ ಒಂಬತ್ತು ಬಿಲ್ಲೆ ಇಲ್ಲಿವೆ, ನಾಲ್ಕು ಸ್ವರ, ಐದು ವ್ಯಂಜನ: ಅ, ಗ್, ನ್, ಇ, ಡ್, ಅ, ಕ್, ನ್, ಅ. ಗಿಡ ಕಂಡವರಿಗೆ ನಾಲ್ಕು ಅಂಕ. ಕಡಗ ಸಿಕ್ಕರೆ ಆರು. ಕನ್ನಡಿ ಹಿಡಿದವರಿಗೆ ಏಳು. ಒಂಬತ್ತನ್ನೂ ಜೋಡಿಸುವ ಪದವೂ ಒಂದು ಇದೆ, ಅದಕ್ಕೆ ಹದಿನೆಂಟು. ಮುಳ್ಳು ಹನ್ನೆರಡರ ಮೇಲಿದೆ.